ಹಳೆಯ ರೇಸ್ ಕಾರುಗಳ ಮಾದರಿ ಕಿಟ್‌ಗಳು

ಒಂದು ಕಾಲದಲ್ಲಿ ಪಂದ್ಯದ ಹಾದಿಯಲ್ಲಿ ಓಡಿದ ಕಾರನ್ನು ಗೊತ್ತಾದ ಪ್ರಮಾಣಕ್ಕೆ ಇಳಿಸಿ, ಅದರ ಒಡಲು, ಎಂಜಿನ್, ಗಾಲಿ, ಆಸನಗಳನ್ನು ಬಿಡಿಭಾಗಗಳಾಗಿ ತಯಾರಿಸಿ, ಪೆಟ್ಟಿಗೆಯಲ್ಲಿ ತುಂಬಿ ಮಾರುವ ಜೋಡಣೆಯ ಸಾಮಗ್ರಿಗೆ ರೇಸ್ ಕಾರಿನ ಮಾದರಿ ಕಿಟ್ ಎಂದು ಹೆಸರು. ಕೊಂಡವರು ಆ ಭಾಗಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ತಾವೇ ಪೂರ್ತಿಗೊಳಿಸಬೇಕು. ಆಟಿಕೆಯ ಕಾರು ನೋಡುವುದಕ್ಕೆ ಕಾರಿನಂತಿದ್ದರೆ ಸಾಕು. ಮಾದರಿಯ ಹೊಣೆ ಅದಕ್ಕಿಂತ ದೊಡ್ಡದು. ಇಂಥ ಕಾರು, ಇಂಥ ಪಂದ್ಯದಲ್ಲಿ, ಇಂಥ ಚಾಲಕನ ಕೈಯಲ್ಲಿ ಹೀಗಿತ್ತು ಎಂದು ಅದು ಹೇಳುತ್ತದೆ, ಮತ್ತು ಹೇಳಿದ್ದು ನಿಜವಾಗಿರಬೇಕು.

'ವಿಂಟೇಜ್' ಎಂಬ ಮಾತಿಗೆ ಬ್ರಿಟನ್ನಿನ ವಾಹನಪ್ರಿಯರಲ್ಲಿ ಖಚಿತವಾದ ಅರ್ಥವಿದೆ. 1934ರಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಲೆಕ್ಕದಲ್ಲಿ 1930ರ ಕೊನೆಯೊಳಗೆ ತಯಾರಾದ ಕಾರು ಮಾತ್ರ ವಿಂಟೇಜ್. ಮಾದರಿ ಕಟ್ಟುವವರ ಬಳಕೆ ಇಷ್ಟು ಬಿಗಿಯಾದುದಲ್ಲ. 1907ರ ಫಿಯಟ್, 1924ರ ಬುಗಾಟಿ, 1954ರ ಮರ್ಸಿಡಿಸ್, 1967ರ ಲೋಟಸ್ ಎಲ್ಲವೂ ಅವರಿಗೆ ಹಳೆಯ ರೇಸ್ ಕಾರುಗಳೇ. ಆರು ಗಾಲಿಯ ಟಿರೆಲ್ ಪಿ34 ಓಡಿದ 1976ರವರೆಗೂ ಈ ಮಾತನ್ನು ಎಳೆಯುವವರಿದ್ದಾರೆ.

ಅಳತೆಗಳು

ಕಿಟ್ಟಿನ ಪೆಟ್ಟಿಗೆಯ ಮೇಲಿರುವ 1/12, 1/24 ಎಂಬ ಅಂಕಿಗಳು ಮೂಲ ಕಾರಿನ ಎಷ್ಟನೆಯ ಒಂದು ಪಾಲು ಎಂಬುದನ್ನು ತಿಳಿಸುತ್ತವೆ. ಇವು ಹುಟ್ಟಿದ್ದು ಇಂಗ್ಲಿಷ್ ಅಡಿ ಅಂಗುಲಗಳ ಲೆಕ್ಕದಿಂದ. ಒಂದು ಅಡಿಗೆ ಒಂದು ಅಂಗುಲ ಎಂದರೆ 1/12, ಅರ್ಧ ಅಂಗುಲ ಎಂದರೆ 1/24. 1/43 ಎಂಬ ವಿಚಿತ್ರ ಸಂಖ್ಯೆಯ ಮೂಲ ಆಟದ ರೈಲು. ಬ್ರಿಟನ್ನಿನ ಓ ಗೇಜ್ ಮಾದರಿ ರೈಲುಗಳಲ್ಲಿ ಒಂದು ಅಡಿಗೆ 7 ಮಿ.ಮೀ. ಲೆಕ್ಕ. 304.8 ಮಿ.ಮೀ.ಗಳ ಅಡಿಯನ್ನು 7ರಿಂದ ಭಾಗಿಸಿದರೆ 43.5 ಬರುತ್ತದೆ. ಆ ರೈಲುಗಳ ಪಕ್ಕದಲ್ಲಿ ನಿಲ್ಲಿಸಲು ಮಾಡಿದ ಕಾರುಗಳ ಅಳತೆಯೇ ಮುಂದೆ ಸಂಗ್ರಹಕಾರರ ಮುಖ್ಯ ಅಳತೆಯಾಗಿ ನಿಂತಿತು. 1/25 ಅಮೆರಿಕದ ರೂಢಿ. ಅಲ್ಲಿನ ಕಾರು ಮಾರಾಟಗಾರರು ಗಿರಾಕಿಗಳಿಗಾಗಿ ಇಟ್ಟುಕೊಳ್ಳುತ್ತಿದ್ದ ಪ್ರಚಾರದ ಮಾದರಿಗಳಿಂದ ಅದು ಬಂತು. ಫಾರ್ಮುಲಾ ಒನ್ ಕಾರುಗಳಿಗೆ 1/20 ಜಪಾನಿನ ಕಂಪನಿಗಳು ಬೆಳೆಸಿದ ಅಳತೆ.

ಅಳತೆಯ ಪರಿಣಾಮವನ್ನು ತಿಳಿಯಲು ಫೆರಾರಿ 250 ಜಿಟಿಓ ಒಳ್ಳೆಯ ಉದಾಹರಣೆ. ಅದರ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರ 2,400 ಮಿ.ಮೀ. 1/12ರಲ್ಲಿ ಅದು 200 ಮಿ.ಮೀ., 1/24ರಲ್ಲಿ 100 ಮಿ.ಮೀ., 1/43ರಲ್ಲಿ 56 ಮಿ.ಮೀ.ಗಿಂತ ತುಸು ಕಡಿಮೆ. ಕಿಟ್ ಕೈಗೆ ಬಂದ ಕೂಡಲೇ ಅನುಭವಿಗಳು ಅಳತೆಕೋಲು ಹಿಡಿದು ಮೊದಲು ನೋಡುವುದು ಈ ಅಂತರವನ್ನೇ. ಇದು ತಪ್ಪಿದ್ದರೆ ಮುಂದೆ ಮಾಡುವ ಯಾವ ಕುಸುರಿಯೂ ಕಾರಿನ ನಿಲುವನ್ನು ಸರಿಪಡಿಸಲಾರದು.

ಕುಗ್ಗಿಸಲು ಬಾರದ ಒಂದು ವಸ್ತುವೆಂದರೆ ಬಣ್ಣ. ಹಚ್ಚಿದ ಬಣ್ಣದ ಪದರ 0.1 ಮಿ.ಮೀ. ದಪ್ಪವಾದರೂ 1/43ರ ಮಾದರಿಯಲ್ಲಿ ಅದು ನಿಜವಾದ ಕಾರಿನ ಮೇಲೆ 4 ಮಿ.ಮೀ.ಗೂ ಹೆಚ್ಚು ದಪ್ಪದ ಲೇಪಕ್ಕೆ ಸಮ. ಬಾಗಿಲಿನ ಗೆರೆಗಳು, ರಿವೆಟ್ ತಲೆಗಳು, ಗಾಳಿ ಕಿಂಡಿಗಳ ಅಂಚು ಎಲ್ಲವೂ ಅದರಡಿಯಲ್ಲಿ ಹೂತುಹೋಗುತ್ತವೆ. ಆದ್ದರಿಂದಲೇ ಈ ಕಲೆಯಲ್ಲಿ ಬಣ್ಣ ತೆಳುವಾಗಿ ಹಚ್ಚುವುದಕ್ಕೆ ಅಷ್ಟೊಂದು ಮಹತ್ವ.

ಬೆಳೆದು ಬಂದ ದಾರಿ

ಪಾಲಿಸ್ಟೈರಿನ್ ಪ್ಲಾಸ್ಟಿಕ್ಕನ್ನು ಕರಗಿಸಿ ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ತುಂಬುವ ವಿಧಾನ ಎರಡನೆಯ ಮಹಾಯುದ್ಧದ ನಂತರ ಅಗ್ಗವಾದಾಗ ಕಾರಿನ ಕಿಟ್‌ಗಳು ಜನಬಳಕೆಗೆ ಬಂದವು. ಅಮೆರಿಕದ ರೆವೆಲ್ ಕಂಪನಿ 1950ರ ದಶಕದ ಆರಂಭದಲ್ಲಿ ಹಳೆಯ ಕಾರುಗಳ 1/32 ಕಿಟ್‌ಗಳನ್ನು 'ಹೈವೇ ಪಯೊನಿಯರ್ಸ್' ಎಂಬ ಹೆಸರಿನಲ್ಲಿ ಮಾರಿತು. 1958ರಿಂದ ಎಎಂಟಿ ಕಂಪನಿ ಒಂದೇ ಪೆಟ್ಟಿಗೆಯ ಭಾಗಗಳಿಂದ ಸಾಮಾನ್ಯ ಕಾರು, ಅಲಂಕರಿಸಿದ ಕಾರು, ರೇಸ್ ಕಾರು ಈ ಮೂರರಲ್ಲಿ ಯಾವುದನ್ನಾದರೂ ಕಟ್ಟಬಹುದಾದ ಕಿಟ್‌ಗಳನ್ನು ಹೊರತಂದಿತು. ಇವೆಲ್ಲ ಬಹುಮಟ್ಟಿಗೆ ಹುಡುಗರನ್ನು ಕಣ್ಣಿನಲ್ಲಿಟ್ಟುಕೊಂಡವು. ಯೂರೋಪಿನ ಗ್ರ್ಯಾನ್‌ಪ್ರೀ ಕಾರುಗಳತ್ತ ಗಂಭೀರವಾಗಿ ತಿರುಗಿದ್ದು ಬ್ರಿಟನ್. ಮೆರಿಟ್ ಎಂಬ ಹೆಸರಿನಲ್ಲಿ 1950ರ ದಶಕದಲ್ಲಿ ಬಂದ 1/24 ಕಿಟ್‌ಗಳಲ್ಲಿ ಆಗತಾನೇ ಪಂದ್ಯಗಳಲ್ಲಿ ಓಡುತ್ತಿದ್ದ ಕಾರುಗಳಿದ್ದವು. ಅವುಗಳ ಅಚ್ಚುಗಳು ಮುಂದೆ ಚೆಕೊಸ್ಲೊವಾಕಿಯದ ಸ್ಮೆರ್ ಕಂಪನಿಯ ಪೆಟ್ಟಿಗೆಗಳಲ್ಲಿ ಮರುಜೀವ ಪಡೆದವು.

ಇಟಲಿಯ ಕೊಡುಗೆ ಬೇರೆ ಬಗೆಯದು. ಅರ್ನಾಲ್ಡೊ ಪೋಕೆರ್ ಸ್ಥಾಪಿಸಿದ ಟ್ಯೂರಿನ್ನಿನ ಪೋಕೆರ್ ಕಂಪನಿ 1960ರ ದಶಕದಲ್ಲಿ 1/8ರಷ್ಟು ದೊಡ್ಡ ಅಳತೆಯಲ್ಲಿ, ಪ್ಲಾಸ್ಟಿಕ್ಕಿನ ಜೊತೆಗೆ ಲೋಹ, ತಿರುಪು, ತಂತಿಗಳನ್ನು ಕೂಡಿಸಿ ಕಿಟ್ ಮಾಡತೊಡಗಿತು. ಫೆಲಿಚೆ ನಝಾರೊ 1907ರ ಫ್ರೆಂಚ್ ಗ್ರ್ಯಾನ್‌ಪ್ರೀ ಗೆದ್ದ ಫಿಯಟ್ 130 ಎಚ್‌ಪಿ ಅದರ ಮೊದಲ ಕಾರು. ಆಲ್ಫಾ ರೊಮಿಯೊ 8ಸಿ ಮೊಂಝಾ ಅದರ ಪ್ರಸಿದ್ಧ ಕಾರು. ಇದನ್ನು ಕಟ್ಟಲು ಅಂಟಿನಷ್ಟೇ ಸ್ಪ್ಯಾನರ್ ಕೂಡ ಬೇಕು. ಇನ್ನೊಂದು ಇಟಾಲಿಯನ್ ಹೆಸರು ಪ್ರೊಟಾರ್. 1957 ಮತ್ತು 1958ರಲ್ಲಿ ಮೋಟಾರ್‌ಸೈಕಲ್ ಪಂದ್ಯದ ವಿಶ್ವವಿಜೇತನಾಗಿದ್ದ ತಾರ್ಕ್ವಿನಿಯೊ ಪ್ರೊವಿನಿ ಸ್ಪರ್ಧೆ ಬಿಟ್ಟ ಮೇಲೆ ತನ್ನ ಹೆಸರಿನ ಎರಡು ಮೊದಲಕ್ಷರಗುಚ್ಛಗಳನ್ನು ಸೇರಿಸಿ ಈ ಕಂಪನಿ ಕಟ್ಟಿದ. ಓಡಿಸಿ ಬಲ್ಲವನೇ ಮಾದರಿ ಮಾಡಲು ಕುಳಿತ ಅಪರೂಪದ ಸಂಗತಿ ಇದು.

ಜಪಾನಿನ ಶಿಝುವೊಕಾದಲ್ಲಿ 1946ರಲ್ಲಿ ಮರದ ವ್ಯಾಪಾರವಾಗಿ ಆರಂಭವಾದ ಟಮಿಯಾ ಈ ಕ್ಷೇತ್ರದ ಮಟ್ಟವನ್ನೇ ಬದಲಿಸಿತು. 1967ರಲ್ಲಿ ಅದು ಹೋಂಡಾದ ಆರ್‌ಎ 273 ಎಂಬ ಫಾರ್ಮುಲಾ ಒನ್ ಕಾರನ್ನು 1/12ರಲ್ಲಿ ಹೊರತಂದಿತು. ಹನ್ನೆರಡು ಸಿಲಿಂಡರಿನ ಎಂಜಿನ್ನು, ಅದರ ಮೇಲೆ ಹೆಣೆದುಕೊಂಡ ಹೊಗೆಕೊಳವೆಗಳು ಹೊರಗೇ ಕಾಣುವ ಈ ಕಾರು ಪ್ಲಾಸ್ಟಿಕ್ಕಿಗೆ ಏನು ಸಾಧ್ಯ ಎಂಬುದನ್ನು ತೋರಿಸಿಕೊಟ್ಟಿತು. ಲೋಟಸ್ 49ರಂಥವು ಅದೇ ಸಾಲಿನಲ್ಲಿ ಬಂದವು. ಕಂಪನಿಯನ್ನು ಬೆಳೆಸಿದ ಶುನ್ಸಾಕು ಟಮಿಯಾ 1970ರ ದಶಕದಲ್ಲಿ ಪೋರ್ಷೆ ಕಿಟ್ ಮಾಡಲು ಹೊರಟಾಗ ಒಂದು ನಿಜವಾದ ಪೋರ್ಷೆ 911 ಕಾರನ್ನೇ ಕೊಂಡು ಬಿಚ್ಚಿಸಿದ್ದು ಈ ಲೋಕದಲ್ಲಿ ಮನೆಮಾತು. ಮಾದರಿಯ ನಿಖರತೆ ಮೂಲವನ್ನು ಮುಟ್ಟಿ ಅಳೆಯುವುದರಿಂದ ಬರುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಉಕ್ಕಿನ ಅಚ್ಚಿಗೆ ಆಗುವ ಖರ್ಚು ಬಹಳ. ಸಾವಿರಾರು ಪೆಟ್ಟಿಗೆ ಮಾರಾಟವಾಗದ ಕಾರಿಗೆ ಯಾವ ದೊಡ್ಡ ಕಂಪನಿಯೂ ಅಚ್ಚು ಕೊರೆಸುವುದಿಲ್ಲ. ಗೆದ್ದ ಕಾರಿನ ಕಿಟ್ ಹತ್ತು ಕಡೆ ಸಿಕ್ಕರೂ ಏಳನೆಯವನಾಗಿ ಬಂದವನ ಕಾರು ಎಲ್ಲೂ ಸಿಗದಿರುವುದಕ್ಕೆ ಇದೇ ಕಾರಣ. ಈ ತೆರವನ್ನು ತುಂಬಿದವರು ಮನೆಯ ಹಿಂದಿನ ಕೊಠಡಿಯಲ್ಲಿ ಕೆಲಸ ಆರಂಭಿಸಿದಂಥ ಸಣ್ಣ ತಯಾರಕರು. ಬ್ರಿಟನ್ನಿನ ಜಾನ್ ಡೇ 1970ರ ದಶಕದಲ್ಲಿ 1/43ರ ಬಿಳಿಲೋಹದ ಕಿಟ್‌ಗಳಿಗೆ ದಾರಿ ಹಾಕಿದರು. ಫ್ರಾನ್ಸಿನ ಆಂದ್ರೆ-ಮರಿ ರೂಫ್ ಅದೇ ಲೋಹದಲ್ಲಿ ಆಭರಣದ ನಯ ತಂದರು. 1980ರ ದಶಕದಲ್ಲಿ ಇಟಲಿಯ ಟಮೆಯೊ, ಗ್ರ್ಯಾನ್‌ಪ್ರೀ ಕಾರುಗಳ ದೊಡ್ಡ ಸರಣಿಯನ್ನೇ ಕಟ್ಟಿತು. ಜಪಾನಿನ ಗುಂಝೆ ಸಾಂಗ್ಯೊ ಪ್ಲಾಸ್ಟಿಕ್ ಒಡಲಿಗೆ ಬಿಳಿಲೋಹದ ಎಂಜಿನ್ ಕೂಡಿಸಿದ 1/24ರ ಸರಣಿ ಮಾಡಿತು. ಇಂದು ಮಾಡೆಲ್ ಫ್ಯಾಕ್ಟರಿ ಹಿರೊ ಎಂಬ ಕಂಪನಿ ರೆಸಿನ್, ಬಿಳಿಲೋಹ, ಹಿತ್ತಾಳೆ, ರಬ್ಬರ್ ಎಲ್ಲವನ್ನೂ ಬೆರೆಸಿ, ನೂರಾರು ಭಾಗಗಳುಳ್ಳ 1/12 ಕಿಟ್‌ಗಳನ್ನು ಹೊರತರುತ್ತದೆ. ಬೆಲೆಯಲ್ಲೂ ಕಷ್ಟದಲ್ಲೂ ಅವು ತುದಿಯಲ್ಲಿವೆ.

ವಸ್ತುಗಳು

ಪಾಲಿಸ್ಟೈರಿನ್ ಕೆಲಸಗಾರನಿಗೆ ಒಲಿದುಬರುವ ವಸ್ತು. ಅದರ ಅಂಟು ನಿಜವಾಗಿ ಅಂಟಲ್ಲ, ದ್ರಾವಕ. ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸಿ ಆವಿಯಾಗಿ ಹೋಗುತ್ತದೆ. ಬಿಳಿಲೋಹ ಎಂದರೆ ತವರ ಮುಖ್ಯವಾಗಿರುವ, ಬೇಗ ಕರಗುವ ಮಿಶ್ರಲೋಹ. ಹಳೆಯ ಕಿಟ್‌ಗಳಲ್ಲಿ ಸೀಸವೂ ಇರುತ್ತದೆ. ತಿರುಗುವ ರಬ್ಬರ್ ಅಚ್ಚಿನ ನಡುವೆ ಹೊಯ್ದರೆ ಅದು ಸುತ್ತಿನ ರಭಸಕ್ಕೆ ಮೂಲೆಮೂಲೆಗೂ ಹರಿಯುತ್ತದೆ. ರಬ್ಬರ್ ಅಚ್ಚು ಅಗ್ಗ, ಆದರೆ ಬೇಗ ಸವೆಯುತ್ತದೆ. ಹೀಗಾಗಿ ಒಂದೇ ಕಿಟ್ಟಿನ ಮೊದಲ ಪ್ರತಿಗೂ ಕೊನೆಯ ಪ್ರತಿಗೂ ನಯದಲ್ಲಿ ವ್ಯತ್ಯಾಸ ಕಾಣುತ್ತದೆ. ಲೋಹದ ಭಾಗಗಳನ್ನು ಎಪಾಕ್ಸಿ ಅಂಟಿನಿಂದಲೋ ಕಡಿಮೆ ಶಾಖದಲ್ಲಿ ಕರಗುವ ಬೆಸುಗೆಯಿಂದಲೋ ಕೂಡಿಸುತ್ತಾರೆ. ರೆಸಿನ್ ಎರಡು ದ್ರವಗಳನ್ನು ಬೆರೆಸಿ ಸಿಲಿಕೋನ್ ಅಚ್ಚಿನಲ್ಲಿ ಗಟ್ಟಿಯಾಗಿಸಿದ್ದು. ಹಗುರ, ತೆಳು ಅಂಚುಗಳಿಗೆ ಒಳ್ಳೆಯದು. ಆದರೆ ಹಳೆಯ ರೆಸಿನ್ ಒಡಲುಗಳು ಬಿಸಿಲಿಗೆ ಸೊಟ್ಟಗಾಗುವುದುಂಟು. ಬಿಸಿನೀರಿನಲ್ಲಿ ಅದ್ದಿ ನಿಧಾನವಾಗಿ ಬಾಗಿಸಿ ನೇರ ಮಾಡಬೇಕು.

ತೆಳುವಾದ ಹಿತ್ತಾಳೆ ಅಥವಾ ನಿಕ್ಕಲ್ ಹಾಳೆಯ ಮೇಲೆ ಚಿತ್ರ ಮೂಡಿಸಿ, ಬೇಡವಾದ ಭಾಗವನ್ನು ಆಮ್ಲದಂಥ ದ್ರಾವಣದಿಂದ ಕೊರೆಯಿಸುವುದು ಫೋಟೊ ಎಚಿಂಗ್. ರೇಡಿಯೇಟರ್ ಜಾಲರಿ, ಬಕಲ್, ಬ್ರೇಕ್ ತಟ್ಟೆ, ಬಾನೆಟ್ಟಿನ ಪಟ್ಟಿಗಳಿಗೆ ಇದನ್ನು ಮೀರಿಸುವ ವಿಧಾನವಿಲ್ಲ. ಈಚೆಗೆ ಕಂಪ್ಯೂಟರಿನಲ್ಲಿ ಬಿಡಿಸಿದ ಭಾಗವನ್ನು ಬೆಳಕಿಗೆ ಗಟ್ಟಿಯಾಗುವ ರೆಸಿನ್ನಿನಲ್ಲಿ ಪದರ ಪದರವಾಗಿ ಅಚ್ಚಿಸುವ 3ಡಿ ಮುದ್ರಣ ಬಂದಿದೆ. ಇದಕ್ಕೆ ಅಚ್ಚಿನ ಖರ್ಚೇ ಇಲ್ಲ. ಏಳನೆಯವನಾಗಿ ಬಂದವನ ಕಾರಿಗೂ ಈಗ ಬಾಗಿಲು ತೆರೆದಿದೆ.

ಯಾವ ಕಾರು, ಯಾವ ದಿನ

ರೇಸ್ ಕಾರು ಬದಲಾಗುತ್ತಲೇ ಇರುವ ಯಂತ್ರ. ಪಂದ್ಯದಿಂದ ಪಂದ್ಯಕ್ಕೆ ಮೂಗು ಕತ್ತರಿಸುತ್ತಾರೆ, ಗಾಳಿ ಕಿಂಡಿ ಕೊರೆಯುತ್ತಾರೆ, ಕನ್ನಡಿ ಬದಲಿಸುತ್ತಾರೆ. 'ಲೋಟಸ್ 49' ಎಂದಷ್ಟೇ ಹೇಳಿದರೆ ಅದು ಯಾವ ಕಾರು ಎಂದು ಹೇಳಿದಂತಾಗುವುದಿಲ್ಲ.

1967ರ ಜೂನ್ 4ರಂದು ಹಾಲೆಂಡಿನ ಝಾಂಡ್‌ವೊರ್ಟ್‌ನಲ್ಲಿ ಈ ಕಾರು ಮೊದಲ ಬಾರಿಗೆ ಇಳಿದಾಗ ಅದರ ಒಡಲು ಹಸಿರು, ನಡುವೆ ಹಳದಿ ಪಟ್ಟಿ. ರೆಕ್ಕೆಗಳಿಲ್ಲ. ಹೊಸ ಕಾಸ್ವರ್ತ್ ಡಿಎಫ್‌ವಿ ಎಂಜಿನ್ ಕಾರಿನ ಬೆನ್ನೆಲುಬಾಗಿಯೇ ಒಡಲಿಗೆ ಬೋಲ್ಟ್ ಆಗಿ ಹಿಂದೆ ಬಯಲಿಗೆ ನಿಂತಿತ್ತು. 5ನೆಯ ಸಂಖ್ಯೆಯ ಕಾರಿನಲ್ಲಿ ಜಿಮ್ ಕ್ಲಾರ್ಕ್ ಗೆದ್ದರು. 6ನೆಯದರಲ್ಲಿದ್ದ ಗ್ರಹಾಂ ಹಿಲ್ ಅರ್ಧಕ್ಕೆ ನಿಂತರು. ಮುಂದಿನ ವರ್ಷ ಏಪ್ರಿಲಿನಲ್ಲಿ ಕ್ಲಾರ್ಕ್ ಹಾಕೆನ್‌ಹೈಮ್‌ನಲ್ಲಿ ತೀರಿಕೊಂಡರು. ಮೇ ತಿಂಗಳಲ್ಲಿ ಸ್ಪೇನಿನ ಹರಾಮಾದಲ್ಲಿ ಹಿಲ್ ಗೆದ್ದ ಲೋಟಸ್ 49ರ ಮೈಮೇಲೆ ಹಸಿರಿನ ಸುಳಿವೂ ಇರಲಿಲ್ಲ. ಗೋಲ್ಡ್ ಲೀಫ್ ಸಿಗರೇಟಿನ ಕೆಂಪು, ಬಿಳಿ, ಬಂಗಾರದ ಬಣ್ಣ ಅದನ್ನು ಆವರಿಸಿತ್ತು. ಎರಡೇ ವಾರಗಳ ನಂತರ ಮೊನಾಕೊದಲ್ಲಿ ಓಡಿದ 49ಬಿಯ ಮೂಗಿನ ಪಕ್ಕದಲ್ಲಿ ಚಿಕ್ಕ ರೆಕ್ಕೆಗಳು, ಹಿಂದೆ ಮೇಲಕ್ಕೆತ್ತಿದ ಹೊದಿಕೆ. ಬೇಸಿಗೆಯಲ್ಲಿ ಕಂಬಗಳ ಮೇಲೆ ನಿಂತ ಎತ್ತರದ ರೆಕ್ಕೆ ಬಂತು. 1969ರ ಮೇ ತಿಂಗಳಲ್ಲಿ ಬಾರ್ಸೆಲೋನಾದಲ್ಲಿ ರೆಕ್ಕೆ ಮುರಿದು ಆದ ಅಪಘಾತಗಳ ಬೆನ್ನಿಗೇ ಮೊನಾಕೊದಲ್ಲಿ ಅದನ್ನು ನಿಷೇಧಿಸಿದರು. ಈ ನಡುವೆ 1968ರ ಬ್ರಿಟಿಷ್ ಗ್ರ್ಯಾನ್‌ಪ್ರೀಯನ್ನು ಜೋ ಸಿಫರ್ಟ್ ಗೆದ್ದದ್ದು ರಾಬ್ ವಾಕರ್ ತಂಡದ ಕಡುನೀಲಿ ಮೈಯ, ಮೂಗಿಗೆ ಬಿಳಿ ಪಟ್ಟಿಯ 49ಬಿಯಲ್ಲಿ. ಹೆಸರು ಒಂದೇ, ಕಾರುಗಳು ಐದಾರು. ಹಸಿರು ಬಣ್ಣ ಹಚ್ಚಿ ಎತ್ತರದ ರೆಕ್ಕೆ ನಿಲ್ಲಿಸಿದ ಜಿಮ್ ಕ್ಲಾರ್ಕನ ಲೋಟಸ್ ಎಷ್ಟೇ ಅಂದವಾಗಿದ್ದರೂ ಅಂಥ ಕಾರು ಯಾವ ಪಂದ್ಯದಲ್ಲೂ ಓಡಿಲ್ಲ.

ಆದ್ದರಿಂದ ಕೆಲಸ ಶುರುವಾಗುವುದು ಛಾಯಾಚಿತ್ರಗಳಿಂದ. ಒಂದು ಪಂದ್ಯ, ಒಂದು ಷಾಸಿ ಸಂಖ್ಯೆ, ಸಾಧ್ಯವಾದರೆ ಒಂದು ಸುತ್ತು ಎಂದು ಗೊತ್ತುಮಾಡಿಕೊಂಡು ಆ ದಿನದ ಚಿತ್ರಗಳನ್ನಷ್ಟೇ ನಂಬುವುದು ಒಳ್ಳೆಯ ಕ್ರಮ. ವಸ್ತುಸಂಗ್ರಹಾಲಯದಲ್ಲಿ ಇಂದು ನಿಂತಿರುವ ಕಾರು ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಅದು ಮುಂದೆ ಬೇರೆಯವರ ಕೈಗೆ ಹೋಗಿ, ಪೆಟ್ಟಾಗಿ, ರಿಪೇರಿಯಾಗಿ, ಹೊಸ ಬಣ್ಣ ಬಳಿಸಿಕೊಂಡು ಬಂದಿರುತ್ತದೆ. 1962ರಿಂದ 1964ರವರೆಗೆ ತಯಾರಾದ ಫೆರಾರಿ 250 ಜಿಟಿಓಗಳು 36. ಒಡಲನ್ನು ಕೈಯಿಂದ ತಟ್ಟಿ ಮಾಡಿದ್ದರಿಂದ ಅವುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಮೂಗಿನ ಕಿಂಡಿಗಳ ಆಕಾರ, ಸೂಚಕ ದೀಪದ ಜಾಗ, ಹಿಂಬದಿಯ ಅಂಚು ಪ್ರತಿಯೊಂದರಲ್ಲೂ ಬೇರೆ. ಮರ್ಸಿಡಿಸ್ ಡಬ್ಲ್ಯು 196 ಕಾರಿನಲ್ಲಂತೂ ಗಾಲಿಗಳ ನಡುವಣ ಅಂತರವೇ ಪಂದ್ಯಕ್ಕೆ ತಕ್ಕಂತೆ ಬದಲಾಗುತ್ತಿತ್ತು: ಸಾಮಾನ್ಯವಾಗಿ 2,350 ಮಿ.ಮೀ., ಮೊನಾಕೊದ ಇಕ್ಕಟ್ಟಿನ ತಿರುವುಗಳಿಗೆ 2,150.

ಬಣ್ಣದ ಪ್ರಶ್ನೆ

ಕಾರುಗಳು ಪ್ರಾಯೋಜಕರ ಪಾಲಾಗುವ ಮೊದಲು ದೇಶಗಳ ಬಣ್ಣ ತೊಡುತ್ತಿದ್ದವು. ಈ ಪದ್ಧತಿ 1900ರಲ್ಲಿ ಆರಂಭವಾದ ಗಾರ್ಡನ್ ಬೆನೆಟ್ ಕಪ್ ಪಂದ್ಯಗಳಿಂದ ಬಂದದ್ದು. ಫ್ರಾನ್ಸಿಗೆ ನೀಲಿ, ಜರ್ಮನಿಗೆ ಬಿಳಿ, ಬೆಲ್ಜಿಯಂಗೆ ಹಳದಿ. ಇಟಲಿಗೆ ಕೆಂಪು ಮುಂದೆ ನೆಲೆಯಾಯಿತು. 1903ರ ಪಂದ್ಯ ಐರ್ಲೆಂಡಿನಲ್ಲಿ ನಡೆದಾಗ ಬ್ರಿಟಿಷ್ ಕಾರುಗಳು ಆ ನಾಡಿನ ಗೌರವಕ್ಕೆ ಹಸಿರು ತೊಟ್ಟವು. ಆ ಹಸಿರೇ ಬ್ರಿಟನ್ನಿನದಾಗಿ ಉಳಿಯಿತು. ಅಂಗಡಿಯಲ್ಲಿ 'ಬ್ರಿಟಿಷ್ ರೇಸಿಂಗ್ ಗ್ರೀನ್' ಎಂಬ ಒಂದು ಡಬ್ಬಿ ಸಿಗುತ್ತದೆ. ಅದನ್ನು ಎಲ್ಲ ಬ್ರಿಟಿಷ್ ಕಾರಿಗೂ ಬಳಿಯುವುದು ತಪ್ಪು. ವ್ಯಾನ್‌ವಾಲ್, ಬಿಆರ್‌ಎಂ, ಕೂಪರ್, ಲೋಟಸ್‌ಗಳ ಹಸಿರು ಒಂದಕ್ಕೊಂದು ಹೊಂದುವುದಿಲ್ಲ.

ಫೆರಾರಿ ಎಂದರೆ ಕೆಂಪು ಎಂಬ ಮಾತಿಗೂ ಅಪವಾದವಿದೆ. 1964ರಲ್ಲಿ ತನ್ನ ದೇಶದ ಕ್ರೀಡಾಧಿಕಾರಿಗಳೊಡನೆ ಮುನಿಸಿಕೊಂಡ ಎಂಝೊ ಫೆರಾರಿ ಋತುವಿನ ಕೊನೆಯ ಎರಡು ಪಂದ್ಯಗಳಿಗೆ, ಅಮೆರಿಕ ಮತ್ತು ಮೆಕ್ಸಿಕೊಗಳಿಗೆ, ತನ್ನ ಕಾರುಗಳನ್ನು ಅಮೆರಿಕದ ತಂಡವೊಂದರ ಹೆಸರಿನಲ್ಲಿ ನೀಲಿ-ಬಿಳಿ ಬಣ್ಣದಲ್ಲಿ ಕಳುಹಿಸಿದರು. ಜಾನ್ ಸರ್ಟೀಸ್ ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟವನ್ನು ಖಚಿತಪಡಿಸಿಕೊಂಡದ್ದು ಮೆಕ್ಸಿಕೊದಲ್ಲಿ, ಆ ನೀಲಿ-ಬಿಳಿ ಫೆರಾರಿ 158ರಲ್ಲಿ.

ಜರ್ಮನಿಯ ಬಿಳಿ ಬೆಳ್ಳಿಯಾದ ಕಥೆಯನ್ನು ಎಚ್ಚರದಿಂದ ಓದಬೇಕು. 1934ರ ಜೂನ್‌ನಲ್ಲಿ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಮರ್ಸಿಡಿಸ್ ಡಬ್ಲ್ಯು 25 ಕಾರು 750 ಕೆ.ಜಿ. ಮಿತಿಗಿಂತ ಒಂದು ಕೆ.ಜಿ. ಹೆಚ್ಚು ತೂಗಿತೆಂದೂ, ರಾತ್ರೋರಾತ್ರಿ ಬಿಳಿ ಬಣ್ಣವನ್ನು ಕೆರೆದು ಹಾಕಿದ್ದರಿಂದ ಬೆಳ್ಳಿಯ ಬಣ್ಣದ ಅಲ್ಯೂಮಿನಿಯಂ ಹೊರಬಿತ್ತೆಂದೂ ತಂಡದ ವ್ಯವಸ್ಥಾಪಕ ಆಲ್‌ಫ್ರೆಡ್ ನಾಯ್‌ಬಾವರ್ ಬಹುಕಾಲದ ನಂತರ ಬರೆದರು. ಆ ಪಂದ್ಯಕ್ಕೆ ತೂಕದ ಮಿತಿಯೇ ಇರಲಿಲ್ಲವೆಂದು ಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ಬಣ್ಣ ಕೆರೆದ ಗೀರುಗಳುಳ್ಳ ಡಬ್ಲ್ಯು 25 ಮಾದರಿ ದಂತಕಥೆಯ ಚಿತ್ರವಾದೀತೇ ಹೊರತು ದಾಖಲೆಯಾಗದು.

ಕಪ್ಪು-ಬಿಳುಪು ಚಿತ್ರಗಳಿಂದ ಬಣ್ಣ ಊಹಿಸುವಲ್ಲಿ ಇನ್ನೊಂದು ಬಲೆಯಿದೆ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಇಟಲಿಯ ಕೆಂಪು ಕಾರು ಅದರಲ್ಲಿ ಕಪ್ಪಾಗಿ, ಫ್ರಾನ್ಸಿನ ನೀಲಿ ಕಾರು ತಿಳಿಯಾಗಿ ಮೂಡುತ್ತವೆ.

ಕಟ್ಟುವ ಕ್ರಮ

ಪೆಟ್ಟಿಗೆ ತೆರೆದ ಕೂಡಲೇ ಅಂಟು ಹಿಡಿಯುವುದು ಹೊಸಬರ ಆತುರ. ಪಳಗಿದವರು ಮೊದಲು ಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆದು ಅಚ್ಚಿನ ಎಣ್ಣೆಯನ್ನು ತೆಗೆಯುತ್ತಾರೆ. ಅದು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಉಳಿಯುವ ಸಣ್ಣ ಏಣನ್ನು ಕೆರೆದು, ಅಚ್ಚಿನಿಂದ ಭಾಗವನ್ನು ನೂಕುವ ಕಡ್ಡಿಗಳ ಗುರುತನ್ನು ಪುಟ್ಟಿಯಿಂದ ತುಂಬುತ್ತಾರೆ. ಆಮೇಲೆ ಒಡಲು, ತಳ, ಗಾಲಿಗಳನ್ನು ಅಂಟಿಲ್ಲದೆ ಟೇಪಿನಿಂದ ಕೂಡಿಸಿ ನಿಲುವು ನೋಡುತ್ತಾರೆ. ನಾಲ್ಕೂ ಗಾಲಿ ನೆಲ ಮುಟ್ಟುತ್ತವೆಯೇ, ಮೂಗು ಎಷ್ಟು ತಗ್ಗಿದೆ ಎಂಬುದನ್ನು ಚಿತ್ರದ ಪಕ್ಕದಲ್ಲಿಟ್ಟು ಪರೀಕ್ಷಿಸುತ್ತಾರೆ. ಈ ಒಣ ಜೋಡಣೆಗೆ ಕೊಟ್ಟ ಒಂದು ಸಂಜೆ ಮುಂದಿನ ಹತ್ತು ಸಂಜೆಗಳನ್ನು ಉಳಿಸುತ್ತದೆ.

ಪ್ರೈಮರ್ ಎಂಬ ಬೂದು ಲೇಪ ಬಣ್ಣಕ್ಕೆ ಆಸರೆ. ಜೊತೆಗೆ ತಪ್ಪುಗಳನ್ನು ಬಯಲು ಮಾಡುವ ಕನ್ನಡಿ. ಅದರ ಮೇಲೆ ಏರ್‌ಬ್ರಷ್‌ನಿಂದ ಮಂಜಿನಂಥ ತೆಳು ಪದರಗಳನ್ನು ಒಂದರ ಮೇಲೊಂದು ಹಾಯಿಸುತ್ತಾರೆ. ಲ್ಯಾಕರ್ ಬಣ್ಣ ಬೇಗ ಒಣಗುತ್ತದೆ, ಆದರೆ ತೇವದ ಗಾಳಿಯಲ್ಲಿ ಅದರ ಮೇಲೆ ಬಿಳಿಯ ಮುಸುಕು ಕಟ್ಟುತ್ತದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈಹಾಕುವವರು ಮಳೆ ಬಿಟ್ಟ ದಿನಕ್ಕಾಗಿ ಕಾಯುವುದು ಲೇಸು, ಇಲ್ಲವೇ ನಿಧಾನವಾಗಿ ಒಣಗುವ ತೆಳುಕವನ್ನು ಬೆರೆಸಬೇಕು. ಬೆಳ್ಳಿ ಬಣ್ಣದಲ್ಲಿ ಲೋಹದ ಕಣಗಳು ದಪ್ಪವಾದರೆ ಚಿಕ್ಕ ಅಳತೆಯಲ್ಲಿ ಅವು ಮರಳಿನಂತೆ ಕಾಣುತ್ತವೆ. ಹಿಟ್ಟಿನಂತೆ ನುಣುಪಾದ ಕಣಗಳ ಬಣ್ಣವನ್ನೇ ಆರಿಸಬೇಕು.

ಸಂಖ್ಯೆ, ಪಟ್ಟಿ, ಲಾಂಛನಗಳು ಡೆಕಾಲ್‌ಗಳಾಗಿ ಬರುತ್ತವೆ. ನೀರಿನಲ್ಲಿ ನೆನೆಸಿದಾಗ ಕಾಗದದಿಂದ ಜಾರುವ ಈ ತೆಳು ಪೊರೆಯನ್ನು ಮೃದುಗೊಳಿಸುವ ದ್ರವ ಹಚ್ಚಿದರೆ ರಿವೆಟ್‌ಗಳ ಮೇಲೂ ಅದು ಚರ್ಮದಂತೆ ಕೂರುತ್ತದೆ. ದ್ರವ ಹಚ್ಚಿದ ಕೂಡಲೇ ಪೊರೆ ಸುಕ್ಕುಗಟ್ಟಿ ಎದೆ ನಡುಗಿಸುತ್ತದೆ. ಆಗ ಅದನ್ನು ಮುಟ್ಟಬಾರದು. ಒಣಗಿದಂತೆ ತಾನೇ ಬಿಗಿಯಾಗುತ್ತದೆ. ಈಚಿನ ಕಿಟ್‌ಗಳಲ್ಲಿ ತಂಬಾಕಿನ ಹೆಸರುಗಳನ್ನು ಬಿಟ್ಟಿರುವುದರಿಂದ 1970ರ ದಶಕದ ಕಾರು ಕಟ್ಟುವವರು ಬೇರೆ ತಯಾರಕರ ಡೆಕಾಲ್ ಹುಡುಕಬೇಕಾಗುತ್ತದೆ. ಇತಿಹಾಸದ ದಾಖಲೆಯಾಗಿ ಆ ಹೆಸರುಗಳು ಇರಬೇಕಾದದ್ದೇ.

ಈ ಕೆಲಸದ ತುತ್ತತುದಿ ತಂತಿ ಕಡ್ಡಿಗಳ ಗಾಲಿ. ಬುಗಾಟಿ ಟೈಪ್ 35ರದು ಎಂಟು ಅಗಲ ಕಡ್ಡಿಗಳ ಅಲ್ಯೂಮಿನಿಯಂ ಎರಕ, ಅದನ್ನು ಅಚ್ಚಿನಲ್ಲಿ ತರುವುದು ಸುಲಭ. ಬೊರಾನಿ ತಂತಿಗಾಲಿಯ ಮಾತು ಬೇರೆ. ಒಂದು ಗಾಲಿಗೆ 72 ಕಡ್ಡಿ. ಪ್ಲಾಸ್ಟಿಕ್ಕಿನಲ್ಲಿ ಇವು ದಪ್ಪ ಬೆತ್ತದಂತೆ ಕಾಣುತ್ತವೆ. ಫೋಟೊ ಎಚಿಂಗ್ ಮಾಡಿದವು ತೆಳುವಾದರೂ ಚಪ್ಪಟೆ. ನಿಜವಾದ ಗಾಲಿಯಂತೆ ಕಾಣಬೇಕಾದರೆ ಲೇತ್‌ನಲ್ಲಿ ಕಡೆದ ಅಲ್ಯೂಮಿನಿಯಂ ಬಳೆಗೂ ನಡುವಿನ ಗುಬ್ಬಿಗೂ ಕೂದಲಿನಂಥ ರಂಧ್ರ ಕೊರೆದು, 0.3 ಮಿ.ಮೀ. ದಪ್ಪದ ಉಕ್ಕಿನ ತಂತಿಯನ್ನು ಒಂದೊಂದಾಗಿ ಪೋಣಿಸಬೇಕು. ಹೊರಸಾಲಿನ ಕಡ್ಡಿಗಳು ಒಂದು ಕಡೆ ವಾಲಿದರೆ ಒಳಸಾಲಿನವು ಇನ್ನೊಂದು ಕಡೆ ವಾಲಿ ಒಂದನ್ನೊಂದು ದಾಟುತ್ತವೆ. ಬಳೆ ಅಲ್ಲಾಡದಂತೆ ಹಿಡಿಯಲು ಒಂದು ಚೌಕಟ್ಟು, ಕಣ್ಣಿಗೆ ಭೂತಗನ್ನಡಿ, ಸೂಜಿಯ ತುದಿಯಲ್ಲಿ ಅಂಟಿನ ಒಂದು ಹನಿ. ಅರವತ್ತನೆಯ ಕಡ್ಡಿಯಲ್ಲಿ ಎಡವಿದರೆ ಪಕ್ಕದ ಹತ್ತು ಸಡಿಲವಾಗುತ್ತವೆ. ನಾಲ್ಕು ಗಾಲಿಗಳೂ ಒಂದು ಬದಲಿ ಗಾಲಿಯೂ ಸೇರಿ 360 ಕಡ್ಡಿಗಳು. ಇದನ್ನು ಮಾಡಿ ಮುಗಿಸಿದವರ ಕೈಯ ಮಾದರಿಯನ್ನು ಯಾರಾದರೂ ದೂರದಿಂದಲೇ ಗುರುತಿಸಬಹುದು.

ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ತಂತಿ, ಇಂಧನದ ಕೊಳವೆ, ಬ್ರೇಕಿನ ನಾಳಗಳನ್ನು ಸೇರಿಸುವಾಗಲೂ ಕಾಲದ ವಿವೇಚನೆ ಬೇಕು. 1950ರ ದಶಕದ ಗ್ರ್ಯಾನ್‌ಪ್ರೀ ಕಾರಿಗೆ ಸೀಟ್ ಬೆಲ್ಟ್ ಕಟ್ಟಿದರೆ ತಪ್ಪು, ಆಗ ಚಾಲಕರು ಅದನ್ನು ಕಟ್ಟುತ್ತಿರಲಿಲ್ಲ. ಪಂದ್ಯದ ಧೂಳು, ಎಣ್ಣೆಯ ಸೋರಿಕೆ, ಕಲ್ಲು ತಾಗಿದ ಗಾಯಗಳನ್ನು ತೋರಿಸಬೇಕೇ ಎಂಬುದರಲ್ಲಿ ಎರಡು ಪಂಥಗಳಿವೆ. ಪಂದ್ಯದ ಆರಂಭದ ಗೆರೆಯಲ್ಲಿ ನಿಂತ ಕಾರಾದರೆ ಹೊಳಪು, ಮುಗಿಸಿ ಬಂದ ಕಾರಾದರೆ ಕೊಳೆ, ಎರಡೂ ನ್ಯಾಯವೇ. ಆದರೆ ಹಳೆಯ ರೇಸ್ ಕಾರುಗಳು ಷೋರೂಮಿನ ಕಾರುಗಳಂತೆ ಥಳಥಳಿಸುತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ರೆಸಿನ್ನಿನ ಪುಡಿ ಮತ್ತು ಬಣ್ಣದ ಆವಿ ಶ್ವಾಸಕೋಶಕ್ಕೆ ಹಾನಿಕರ. ಒದ್ದೆ ಮಾಡಿ ಉಜ್ಜುವುದು, ಮುಖಕ್ಕೆ ಫಿಲ್ಟರ್ ಕಟ್ಟುವುದು, ಸೀಸವಿರುವ ಲೋಹ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರದಿರುವುದು ಇಲ್ಲಿ ಕಡ್ಡಾಯ.

ಹಳೆಯ ಕಿಟ್‌ಗಳು

ದಶಕಗಳ ಹಿಂದಿನ ಪೆಟ್ಟಿಗೆಗಳಿಗೆ ಸಂಗ್ರಹಕಾರರಲ್ಲಿ ಒಳ್ಳೆಯ ಬೆಲೆಯಿದೆ, ಅವುಗಳಿಗೆ ತಮ್ಮದೇ ಕಾಯಿಲೆಗಳೂ ಇವೆ. ಹಳೆಯ ವಿನೈಲ್ ಟೈರಿನಿಂದ ಹೊರಸೂಸುವ ಮೆದುಕಾರಕ ರಾಸಾಯನಿಕ ತನಗೆ ತಾಗಿದ ಪ್ಲಾಸ್ಟಿಕ್ ಗಾಲಿಯನ್ನು ಕರಗಿಸುತ್ತದೆ. ಟೈರುಗಳನ್ನು ಬೇರೆ ಚೀಲದಲ್ಲಿಡುವುದೇ ಪರಿಹಾರ. ಹಳದಿಗಟ್ಟಿದ ಡೆಕಾಲ್ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ವಾರ ಅಂಟಿಸಿದರೆ ಬಿಳುಪು ಮರಳುತ್ತದೆ.

ಕಿಟ್ಟಿನ ಹಂಗೇ ಇಲ್ಲದೆ ಹಿತ್ತಾಳೆ, ತಾಮ್ರ, ಚರ್ಮಗಳಿಂದ ಇಡೀ ಕಾರನ್ನು ಮೊದಲಿನಿಂದ ಕಟ್ಟುವವರೂ ಇದ್ದಾರೆ. ಅವರಲ್ಲಿ ಬ್ರಿಟನ್ನಿನ ಜೆರಾಲ್ಡ್ ವಿಂಗ್ರೋವ್ ಅಗ್ರಗಣ್ಯರು. 1/15 ಎಂಬ ತಮ್ಮದೇ ಅಳತೆಯಲ್ಲಿ ಕೆಲಸ ಮಾಡಿ, 'ದಿ ಕಂಪ್ಲೀಟ್ ಕಾರ್ ಮಾಡೆಲರ್' ಪುಸ್ತಕದಲ್ಲಿ ತಮ್ಮ ವಿಧಾನಗಳನ್ನು ಬಿಚ್ಚಿಟ್ಟರು. ಕಿಟ್ ಕಟ್ಟುವವರಿಗೂ ಅದು ಇಂದಿಗೂ ಕೈದೀವಿಗೆ. 1963ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿ ಅನೇಕ ದೇಶಗಳಿಗೆ ಹರಡಿದ ಅಂತರರಾಷ್ಟ್ರೀಯ ಪ್ಲಾಸ್ಟಿಕ್ ಮಾದರಿಕಾರರ ಸಂಘದ ಪ್ರದರ್ಶನಗಳಲ್ಲಿ ತೀರ್ಪುಗಾರರು ಮೊದಲು ನೋಡುವುದು ಅಂಟಿನ ಕಲೆ, ಸೊಟ್ಟ ಗಾಲಿ, ತುಂಬದ ಸಂದುಗಳನ್ನು.

ಕಳೆದುಹೋದ ಕಾರುಗಳು

ನಿಖರವಾದ ಮಾದರಿಯ ಬೆಲೆ ಪೂರ್ತಿ ತಿಳಿಯುವುದು ಮೂಲವೇ ಇಲ್ಲವಾದಾಗ. 21,706 ಸಿಸಿಯ ವಿಮಾನದ ಎಂಜಿನ್ ಹೊತ್ತು, 1924ರ ಜುಲೈನಲ್ಲಿ ಅರ್ಪಜಾನಿನ ರಸ್ತೆಯಲ್ಲಿ ಗಂಟೆಗೆ 234.98 ಕಿ.ಮೀ. ವೇಗದ ದಾಖಲೆ ಬರೆದ ಫಿಯಟ್ ಮೆಫಿಸ್ಟೊಫಿಲೆ ಇಂದಿಗೂ ಉಳಿದಿದೆ. 1/12ರ ಕಿಟ್ಟನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಬಹುದು. ಅದೇ ಕಂಪನಿಯ 806ಕ್ಕೆ ಆ ಭಾಗ್ಯವಿಲ್ಲ. ಆರಾರು ಸಿಲಿಂಡರುಗಳ ಎರಡು ಸಾಲು, ಎರಡು ಕ್ರ್ಯಾಂಕ್‌ಶಾಫ್ಟ್, ಒಂದೂವರೆ ಲೀಟರಿನ ಸೂಪರ್‌ಚಾರ್ಜ್ ಎಂಜಿನ್ನಿನ ಈ ಕಾರು 1927ರ ಸೆಪ್ಟೆಂಬರ್ 4ರಂದು ಮೊಂಝಾದಲ್ಲಿ ನಡೆದ ಮಿಲಾನ್ ಗ್ರ್ಯಾನ್‌ಪ್ರೀಯಲ್ಲಿ ಪಿಯೆತ್ರೊ ಬೊರ್ದಿನೊ ಕೈಯಲ್ಲಿ ಗೆದ್ದಿತು. ಅದು ಓಡಿದ ಪಂದ್ಯ ಅದೊಂದೇ. ಆಮೇಲೆ ರೇಸಿನಿಂದ ಹಿಂದೆ ಸರಿದ ಫಿಯಟ್ ಕಂಪನಿ ಕಾರನ್ನೂ ಅದರ ಭಾಗಗಳನ್ನೂ ತಾನೇ ನಾಶಮಾಡಿಸಿತು. ಪ್ರೊವಿನಿಯ ಕಂಪನಿ ಈ ಕಾರಿನ 1/12 ಕಿಟ್ ಮಾಡಿತು. ಆ ಕಿಟ್ ಈಗ ಇಟಲೆರಿ ಕಂಪನಿಯ ಹೆಸರಿನಲ್ಲಿ ಮತ್ತೆ ಮಾರಾಟಕ್ಕೆ ಬಂದಿದೆ.